ಕಣದ ಆಯ, ಅಡತಿಯ ಬೆಲೆ ಮತ್ತು ಶರಣರ ದಾಸೋಹ

ಶ್ರಾವಣಮಾಸದ ಪ್ರವಚನವಿರಲಿ, ಜಾತ್ರೆಯ ಧರ್ಮಸಭೆಯಿರಲಿ, ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಹಿಂದಿನ ಹಳ್ಳಿಯಲ್ಲಿ ಹಣದ ಗೊಡವೆಯೇ ಇರಲಿಲ್ಲ. ಒಕ್ಕಲಿಗನು ಕಾಳು ಕೊಟ್ಟನು, ಕಂಬಾರನು ನೇಗಿಲ ಕುಳ ಬಡಿದುಕೊಟ್ಟನು, ಕುಂಬಾರನು ಗಡಿಗೆ ಕೊಟ್ಟನು, ಮಡಿವಾಳನು ಬಟ್ಟೆ ಒಗೆದುಕೊಟ್ಟನು. ಯಾರೂ ಲೆಕ್ಕವಿಡಲಿಲ್ಲ, ಯಾರೂ ಹಸಿದು ಮಲಗಲಿಲ್ಲ. ಶರಣರು ಸಾರಿದ ದಾಸೋಹವೆಂದರೆ ಅದೇ. ಮಾರುಕಟ್ಟೆ ಬಂದು ಆ ಬಾಳನ್ನು ಕೆಡಿಸಿತು ಎಂಬುದು ಆ ಮಾತಿನ ಸಾರ. ಸಭೆಯು ಚಪ್ಪಾಳೆ ತಟ್ಟುತ್ತದೆ. ಸಭೆಯಿಂದ ಹೊರಬಂದ ಭಕ್ತರು ತಮ್ಮ ಅಂಗಡಿ, ಅಡತಿ, ಕಚೇರಿಗಳಿಗೆ ಹಿಂದಿರುಗಿ ಎಂದಿನ ವ್ಯವಹಾರದಲ್ಲಿ ತೊಡಗುತ್ತಾರೆ.

ಇದಕ್ಕೆ ಎದುರಾಗಿ ನಗರದ ವಿದ್ಯಾವಂತರಲ್ಲಿ ಇನ್ನೊಂದು ಮಾತು ಪ್ರಚಲಿತವಿದೆ. ಮನುಷ್ಯನು ಹುಟ್ಟಿನಿಂದಲೇ ವ್ಯಾಪಾರಿ; ಮೊದಲು ವಸ್ತುವಿಗೆ ವಸ್ತು ಕೊಟ್ಟು ಬದಲಾಯಿಸಿಕೊಂಡನು, ಅದು ಕಷ್ಟವಾದಾಗ ನಾಣ್ಯವನ್ನು ಕಂಡುಹಿಡಿದನು, ನಾಣ್ಯದಿಂದ ಸಾಲಪತ್ರ, ಬ್ಯಾಂಕುಗಳು ಬೆಳೆದವು; ಮಾರುಕಟ್ಟೆಯು ಮನುಷ್ಯಸ್ವಭಾವದ ಸಹಜ ಫಲ; ದಾಸೋಹವೆಂಬುದು ಅದರ ಅಂಚಿನಲ್ಲಿ ನಡೆಯುವ ಪುಣ್ಯಕಾರ್ಯ ಎಂಬುದು ಅದರ ತಿರುಳು.

ಈ ಎರಡು ಮಾತುಗಳೂ ಇತಿಹಾಸಕ್ಕೆ ವಿರುದ್ಧವಾದವು. ಅದಕ್ಕಿಂತ ಮಿಗಿಲಾಗಿ, ಶರಣರ ದಾಸೋಹದ ಅರ್ಥವನ್ನು ಎರಡೂ ಕೆಡಿಸುತ್ತವೆ. ಮೊದಲನೆಯದು ದಾಸೋಹವನ್ನು ಹಳೆಯ ಊರಿನ ಆಯಕ್ಕೆ ಇಳಿಸುತ್ತದೆ; ಎರಡನೆಯದು ಅದನ್ನು ಉಳ್ಳವರ ದಾನಕ್ಕೆ ಇಳಿಸುತ್ತದೆ. ಆದುದರಿಂದ ಕಣದಲ್ಲಿ ಹಂಚುತ್ತಿದ್ದ ಕಾಳು ಅಡತಿಯ ತಕ್ಕಡಿಗೆ ಹೇಗೆ ಬಂದಿತೆಂಬುದನ್ನು ಮೊದಲು ಅರಿಯುವುದು ಅವಶ್ಯ.

ಕೊಡುಗೆಯೂ ಅದರ ಹಂಗೂ

ವಸ್ತುವಿನಿಮಯದಿಂದ ನಾಣ್ಯ ಹುಟ್ಟಿತೆಂಬ ಕಥೆಗೆ ದೊಡ್ಡ ಪ್ರಚಾರ ಕೊಟ್ಟವನು ಸ್ಕಾಟ್ಲೆಂಡಿನ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್. ಅವನ ಹೆಸರಾಂತ ಗ್ರಂಥ ಪ್ರಕಟವಾದುದು 1776ರಲ್ಲಿ. ಆದರೆ ಬರಿಯ ವಸ್ತುವಿನಿಮಯದಿಂದಲೇ ಬದುಕಿದ ಸಮಾಜವೊಂದೂ ದಾಖಲೆಯಲ್ಲಿ ದೊರೆತಿಲ್ಲವೆಂದು ಮಾನವಶಾಸ್ತ್ರಜ್ಞೆ ಕ್ಯಾರೊಲಿನ್ ಹಂಫ್ರಿ 1985ರಲ್ಲಿ ತೋರಿಸಿಕೊಟ್ಟರು. ಡೇವಿಡ್ ಗ್ರೇಬರ್ 2011ರಲ್ಲಿ ಪ್ರಕಟಿಸಿದ ಸಾಲದ ಇತಿಹಾಸದಲ್ಲಿ ಅದೇ ವಾದವನ್ನು ವಿಸ್ತರಿಸಿದರು. ಒಂದೇ ಊರಿನಲ್ಲಿ ದಿನಬೆಳಗಾದರೆ ಮುಖ ನೋಡುವ ಜನರು ಒಂದು ಗಡಿಗೆಗೆ ಎಷ್ಟು ಸೇರು ಜೋಳವೆಂದು ನಿಂತು ಚೌಕಾಸಿ ಮಾಡುವುದಿಲ್ಲ. ಇಂದು ಪಡೆದು ಸುಗ್ಗಿಯಲ್ಲಿ ಕೊಡುತ್ತಾರೆ. ಇಂದು ಕೊಟ್ಟು ಮಗಳ ಮದುವೆಯಲ್ಲಿ ಪಡೆಯುತ್ತಾರೆ.

ಫ್ರಾನ್ಸಿನ ವಿದ್ವಾಂಸ ಮಾರ್ಸೆಲ್ ಮಾಸ್ 1925ರಲ್ಲಿ ಕೊಡುಗೆಯ ಬಗೆಗೆ ಬರೆದ ಪ್ರಬಂಧದಲ್ಲಿ ಇಂತಹ ಸಮಾಜಗಳ ನಿಯಮವನ್ನು ವಿವರಿಸಿದ್ದಾನೆ. ಅಲ್ಲಿ ಕೊಡುವುದು ಕರ್ತವ್ಯ, ಕೊಟ್ಟುದನ್ನು ಸ್ವೀಕರಿಸುವುದು ಕರ್ತವ್ಯ, ಸ್ವೀಕರಿಸಿದುದಕ್ಕೆ ಪ್ರತಿಯಾಗಿ ಮರಳಿ ಕೊಡುವುದೂ ಕರ್ತವ್ಯ. ಹೊರನೋಟಕ್ಕೆ ಕೊಡುಗೆಯು ಸ್ವಯಿಚ್ಛೆಯದು. ಒಳಗೆ ಅದು ಬಿಡಿಸಿಕೊಳ್ಳಲಾಗದ ಹಂಗು. ಮರಳಿ ಕೊಡಲಾರದವನು ಕೊಟ್ಟವನ ಕೆಳಗೆ ಬೀಳುತ್ತಾನೆ.

ಈ ಸತ್ಯವನ್ನು ತಿಳಿಯಲು ಕನ್ನಡಿಗರು ಫ್ರಾನ್ಸಿನವರೆಗೆ ಹೋಗಬೇಕಾಗಿಲ್ಲ. ಕನ್ನಡದಲ್ಲಿ 'ಮುಯ್ಯಿ' ಎಂಬ ಒಂದು ಮಾತಿದೆ. ಮದುವೆಯ ಚಪ್ಪರದಲ್ಲಿ ಮುಯ್ಯಿ ಓದಿಸುವವರುಂಟು. ಅದನ್ನು ವಹಿಯಲ್ಲಿ ಬರೆದಿಟ್ಟು, ಓದಿಸಿದವರ ಮನೆಯ ಮದುವೆಗೆ ಅಷ್ಟಕ್ಕೆ ಅಷ್ಟನ್ನೋ ಸ್ವಲ್ಪ ಹೆಚ್ಚಾಗಿಯೋ ಮರಳಿಸುವವರುಂಟು. ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿಯಹೋಗಿ ಆ ದುಡಿತವನ್ನು ದುಡಿತದಿಂದಲೇ ತೀರಿಸಿಕೊಳ್ಳುವುದು ಮುಯ್ಯಾಳು ಪದ್ಧತಿ. ಆದರೆ ಹಗೆತನಕ್ಕೆ ಪ್ರತೀಕಾರ ಮಾಡುವುದಕ್ಕೂ ಕನ್ನಡ ನಾಡು ಮುಯ್ಯಿ ತೀರಿಸುವುದೆಂದೇ ಹೇಳುತ್ತದೆ. ಉಡುಗೊರೆಗೂ ಸೇಡಿಗೂ ಒಂದೇ ಮಾತನ್ನು ಬಳಸಿದ ಹಿರಿಯರು ಅರಿಯದೆ ಬಳಸಿದವರಲ್ಲ. ಎರಡರಲ್ಲಿಯೂ ಲೆಕ್ಕವಿದೆ, ನೆನಪಿದೆ, ಬಾಕಿಯಿದೆ. ಹಿಂದಿನವರು ಲೆಕ್ಕವನ್ನೇ ಇಡಲಿಲ್ಲವೆಂಬ ಧರ್ಮಸಭೆಯ ಮಾತನ್ನು ಈ ಒಂದು ಶಬ್ದವೇ ಸುಳ್ಳುಮಾಡುತ್ತದೆ.

ಕಣದಲ್ಲಿ ಹಂಚುತ್ತಿದ್ದ ಆಯ

ಇನ್ನು ಆಯದ ವಿಚಾರ. ಮೈಸೂರು ಸೀಮೆಯ ಹಳ್ಳಿಗಳ ವ್ಯವಸ್ಥೆಯನ್ನು ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಅಲ್ಲಿ ಹೇಳಿರುವ ಹನ್ನೆರಡು ಆಯಗಾರರೇ ಮುಂಬಯಿ ಸೀಮೆಯ ಭಾಷೆಯಲ್ಲಿ ಬಾರಾ ಬಲೂತಿಗಳು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಪಂಚಾಂಗದವನು, ಕಂಬಾರ, ಬಡಿಗ, ಕುಂಬಾರ, ಮಡಿವಾಳ, ಕ್ಷೌರಿಕ, ಅಕ್ಕಸಾಲಿ ಎಂದು ಆ ಪಟ್ಟಿ ಸಾಗುತ್ತದೆ. ಊರಿಂದೂರಿಗೆ ಒಂದೆರಡು ಹೆಸರು ಬದಲಾಗುವುದುಂಟು. ಇವರು ವರ್ಷವಿಡೀ ಊರಿಗೆ ತಮ್ಮ ಕೆಲಸ ಮಾಡಿಕೊಡುವರು. ಸುಗ್ಗಿ ಬಂದು ಕಣದಲ್ಲಿ ರಾಶಿಯಾದಾಗ ಪ್ರತಿಯೊಬ್ಬ ಒಕ್ಕಲಿಗನ ರಾಶಿಯಿಂದಲೂ ಇವರಿಗೆ ಗೊತ್ತಾದ ಪಾಲು ಸಲ್ಲುತ್ತಿತ್ತು. ಕೆಲವರಿಗೆ ಇನಾಮು ಹೊಲವೂ ಇರುತ್ತಿತ್ತು.

ಈ ವ್ಯವಸ್ಥೆಯ ಗುಣವನ್ನು ಮರೆಮಾಚಬೇಕಾಗಿಲ್ಲ. ಕಂಬಾರನು ಮಳೆಗಾಲದ ಮುಂಚೆ ಕುಳ ಹಣಿದುಕೊಡಲು ಒಕ್ಕಲಿಗನ ಕೈಯಲ್ಲಿ ಕಾಸಿರಬೇಕಾಗಿರಲಿಲ್ಲ. ಬೆಳೆ ಕಡಿಮೆಯಾದ ವರ್ಷ ಎಲ್ಲರ ಪಾಲೂ ಕಡಿಮೆಯಾಗುತ್ತಿತ್ತು. ನಷ್ಟವು ಒಬ್ಬನ ತಲೆಯ ಮೇಲೆಯೇ ಬೀಳುತ್ತಿರಲಿಲ್ಲ. ಕಾಳು ಕಣದಿಂದ ಹಗೇವಿಗೆ ಇಳಿಯುತ್ತಿತ್ತು. ಬರದ ವರ್ಷಕ್ಕೆ ಅದೇ ಆಸರೆಯಾಗುತ್ತಿತ್ತು.

ಆದರೆ ಗುಣವನ್ನು ಹೇಳುವವರು ದೋಷವನ್ನೂ ಹೇಳಬೇಕು. ಆಯವು ಹುಟ್ಟಿಗೆ ಅಂಟಿಕೊಂಡಿತ್ತು. ಕುಂಬಾರನ ಮಗನು ಕುಂಬಾರನೇ ಆಗಬೇಕು, ತೋಟಿಯ ಮಗನು ತೋಟಿಯೇ ಆಗಬೇಕು. ಗೌಡನೂ ಆಯಗಾರ, ತೋಟಿಯೂ ಆಯಗಾರ ಎಂದು ಪಟ್ಟಿಯಲ್ಲಿ ಜೊತೆಯಾಗಿ ಬರೆಯಬಹುದು; ಕಣದಲ್ಲಿ ಅವರು ಜೊತೆಯಾಗಿ ನಿಲ್ಲುತ್ತಿರಲಿಲ್ಲ. ಒಬ್ಬನು ರಾಶಿಯ ಬಳಿ ಕುಳಿತು ಪಡೆದನು. ಇನ್ನೊಬ್ಬನು ದೂರ ನಿಂತು, ತನಗೆ ಬರಬೇಕಾದ ಹಕ್ಕಿನ ಪಾಲನ್ನು ಭಿಕ್ಷೆಯಂತೆ ಸೆರಗೊಡ್ಡಿ ಪಡೆದನು.

ಸಂತೆ ಹಳೆಯದು

ಹಾಗಾದರೆ ಮಾರುಕಟ್ಟೆಯು ಪರದೇಶದಿಂದ ಬಂದ ಪಿಡುಗೋ? ಅದೂ ಅಲ್ಲ. ಶರಣರು ಬಾಳಿದ ಹನ್ನೆರಡನೆಯ ಶತಮಾನದ ಕನ್ನಡ ನಾಡು ವ್ಯಾಪಾರದ ನಾಡಾಗಿತ್ತು. ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘದ ಹೆಸರು ದಕ್ಷಿಣಭಾರತದ ಉದ್ದಗಲಕ್ಕೂ ಶಾಸನಗಳಲ್ಲಿ ಕಾಣಸಿಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಗದ್ಯಾಣ, ಪಣ, ಹಾಗ, ವೀಸಗಳು ಜನರ ಕೈಯಲ್ಲಿ ಓಡಾಡುತ್ತಿದ್ದವು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ನಾಣ್ಯದ ಸ್ವಭಾವವನ್ನು ಪುಸ್ತಕದಿಂದ ಕಲಿತವರಲ್ಲ. ಶರಣಸಂಕುಲದಲ್ಲಿ ಮೇದಾರ ಕೇತಯ್ಯನವರಿದ್ದರು, ಸೌದೆಯ ಹೊರೆ ಮಾರುತ್ತಿದ್ದ ಮೋಳಿಗೆಯ ಮಾರಯ್ಯನವರಿದ್ದರು, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರಿದ್ದರು. ಅವರ ಕಾಯಕದ ಫಲ ಸಂತೆಗೆ ಹೋಗುತ್ತಿತ್ತು.

ಸಂತೆ ಹಳೆಯದು, ಬಾಳೆಲ್ಲವೂ ಸಂತೆಯಾದುದು ಹೊಸದು. ಈ ಭೇದವನ್ನು ಹಂಗೆರಿಯಲ್ಲಿ ಬೆಳೆದ ಕಾರ್ಲ್ ಪೊಲಾನ್ಯಿ 1944ರ ತಮ್ಮ ಗ್ರಂಥದಲ್ಲಿ ಸ್ಪಷ್ಟಪಡಿಸಿದರು. ಹಿಂದೆ ಮಾರುಕಟ್ಟೆಯು ಸಮಾಜದ ಒಳಗೆ ಒಂದು ಮೂಲೆಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ನೆಲ, ದುಡಿತ, ಹಣ ಮೂರನ್ನೂ ಮಾರುವ ಸರಕಾಗಿಸಿ ಸಮಾಜವನ್ನೇ ಮಾರುಕಟ್ಟೆಯ ಒಳಗೆ ತಳ್ಳಲಾಯಿತು. ಅದು ತಾನಾಗಿ ಆಗಲಿಲ್ಲ. ಆಳುವವರ ಕಾನೂನು ಅದನ್ನು ಮಾಡಿತು ಎಂಬುದು ಅವರ ವಾದ. ಪೊಲಾನ್ಯಿ ಹೇಳಿದುದು ಮುಖ್ಯವಾಗಿ ಇಂಗ್ಲೆಂಡಿನ ಕಥೆ. ಧಾರವಾಡ, ಬಳ್ಳಾರಿಗಳ ಎರೆನೆಲದಲ್ಲಿ ನಡೆದುದೂ ಇದನ್ನೇ ಸಮರ್ಥಿಸುತ್ತದೆ.

ಕಂದಾಯದ ಕಂತು ತಂದ ಮಾರುಕಟ್ಟೆ

1800ರಲ್ಲಿ ನಿಜಾಮನು ಬಳ್ಳಾರಿಯ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. 1807ರವರೆಗೆ ಅಲ್ಲಿ ಆಡಳಿತ ನಡೆಸಿದ ಥಾಮಸ್ ಮನ್ರೋ ಊರಿನೊಡನೆ ಮಾಡುತ್ತಿದ್ದ ಒಪ್ಪಂದವನ್ನು ಬದಿಗಿಟ್ಟು ಒಬ್ಬೊಬ್ಬ ರೈತನ ಹೆಸರಿನಲ್ಲಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಬೆಳೆಸಿದನು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡದ ಸೀಮೆ ಕಂಪನಿಯ ಕೈಸೇರಿತು. ಮುಂದೆ 1840ರ ದಶಕದಲ್ಲಿ ಅಲ್ಲಿಯೂ ಹೊಲ ಹೊಲವನ್ನು ಅಳೆದು, ಮಣ್ಣಿನ ತರಗತಿ ನಿರ್ಧರಿಸಿ, ಮೂವತ್ತು ವರ್ಷಗಳ ಅವಧಿಗೆ ಹಣದ ಕಂದಾಯವನ್ನು ನಿಗದಿಪಡಿಸಲಾಯಿತು.

ಹಣದಲ್ಲಿ ಕಂದಾಯ ಕೊಡುವುದು ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ. ಹೊಸತಾದುದು ಅದರ ಬಿಗಿ. ಬೆಳೆ ಬಂದರೂ ಬಾರದಿದ್ದರೂ ಕಂತು ನಿಂತ ದಿನಕ್ಕೆ ರೂಪಾಯಿಯಲ್ಲಿ ಸಲ್ಲಬೇಕು. ಸಲ್ಲಿಸಬೇಕಾದವನು ಊರಲ್ಲ, ಒಬ್ಬಂಟಿ ರೈತ. ಸಲ್ಲದಿದ್ದರೆ ಹೊಲವನ್ನೇ ಹರಾಜು ಹಾಕಬಹುದು. ಮೊದಲಿನ ಸಾವಕಾರನು ಊರಿನ ಮುಖ ನೋಡಿ ಸಾಲ ವಸೂಲು ಮಾಡಬೇಕಾಗಿತ್ತು. ಈಗ ದಿವಾಣಿ ನ್ಯಾಯಾಲಯದ ತೀರ್ಪು ಅವನ ಬೆನ್ನಿಗಿತ್ತು. ಕಂತಿಗೆ ರೂಪಾಯಿ ಬೇಕೆಂದು ರೈತನು ಸುಗ್ಗಿಯಲ್ಲಿಯೇ, ಬೆಲೆ ಎಲ್ಲಕ್ಕಿಂತ ಕೆಳಗಿಳಿದಾಗ ಮಾರಿದನು. ಮುಂಗಾರಿನಲ್ಲಿ, ಬೆಲೆ ಏರಿದಾಗ ಬೀಜಕ್ಕೂ ಹೊಟ್ಟೆಗೂ ಕೊಂಡನು. ನಡುವಿನ ಅಂತರ ಸಾಲವಾಯಿತು. ವ್ಯಾಪಾರದ ಬುದ್ಧಿ ಅವನಲ್ಲಿ ಸಹಜವಾಗಿ ಅರಳಿತೆನ್ನುವವರು ಈ ಕಂತಿನ ದಿನವನ್ನು ಮರೆತು ಮಾತನಾಡುತ್ತಾರೆ.

ರೂಪಾಯಿ ತರುವ ಬೆಳೆ ಹತ್ತಿ. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಅಮೆರಿಕದ ಹತ್ತಿಯ ತಳಿ ಬೇರೂರಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗದಂತಾದಾಗ ಇಲ್ಲಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಧಾರವಾಡದ ಹತ್ತಿ ಕಾರವಾರದ ಬಂದರಿನಿಂದ ಹೊರಡಲೆಂಬ ಎಣಿಕೆಯೂ ಸೇರಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಜಿಲ್ಲೆಯ ಗಡಿಯೇ ಹತ್ತಿಗಾಗಿ ಸರಿದ ಮೇಲೆ ಹೊಲದ ಬೆಳೆ ಸರಿಯುವುದರಲ್ಲಿ ಆಶ್ಚರ್ಯವೇನು? 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿದ್ದಿತು, ಮುಂಬಯಿಯಲ್ಲಿ ವರ್ತಕರ ಮನೆಗಳು ದಿವಾಳಿಯೆದ್ದವು. ಬೆಲೆ ಏರಿದ್ದಾಗ ಸುಲಭವಾಗಿ ಸಾಲ ದೊರೆತಿದ್ದ ರೈತನ ಮನೆಯಲ್ಲಿ ಸಾಲ ಮಾತ್ರ ಉಳಿಯಿತು. ಎಲ್ಲಿಯೋ ಸಾಗರದಾಚೆ ನಡೆದ ಯುದ್ಧವು ಎರೆಹೊಲದ ಒಕ್ಕಲಿಗನ ಅನ್ನವನ್ನು ನಿರ್ಧರಿಸಿದುದು ಹೀಗೆ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು.

ಇದರ ಮರುವರ್ಷವೇ ಬರ ಬಂದಿತು. 1876ರಿಂದ 1878ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನಕ್ಕೆ ಆದ ಹಾನಿಯನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಬೆಳೆ ಹೋದುದು ನಿಜ. ಆದರೆ ಬೆಳೆ ಹೋದೊಡನೆ ಕೂಲಿ ಹೋಯಿತು, ನೇಕಾರನ ಬಟ್ಟೆಗೆ ಕೊಳ್ಳುವವರಿಲ್ಲವಾದರು, ಕಾಳಿನ ಬೆಲೆ ಬಡವನ ಕೈಗೆ ನಿಲುಕದಷ್ಟು ಏರಿತು. ಕ್ಷಾಮವೆಂದರೆ ಆಹಾರವೇ ಇಲ್ಲದಿರುವುದೆಂದು ತಿಳಿಯಬಾರದು, ಇರುವ ಆಹಾರವನ್ನು ಪಡೆಯುವ ದಾರಿ ಬಡವನಿಗೆ ಮುಚ್ಚಿಹೋಗುವುದೆಂದು ತಿಳಿಯಬೇಕೆಂಬುದನ್ನು ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಕಣದ ಪಾಲು ಕಳೆದುಕೊಂಡು ಕೈಯಲ್ಲಿ ಕಾಸೂ ಇಲ್ಲದವನು ಎರಡು ಲೋಕಗಳ ನಡುವೆ ಬಿದ್ದು ಸತ್ತನು.

ಆಯದ ಹೊರೆ ಹೊತ್ತವರ ಮಾತು

ಇಷ್ಟನ್ನು ಓದಿದವರು ಹಳೆಯ ಆಯವೇ ಲೇಸಾಗಿತ್ತೆಂದು ನಿಟ್ಟುಸಿರಿಡಬಹುದು. ಅವರು ಇನ್ನೊಂದು ಸಂಗತಿಯನ್ನು ಕೇಳಬೇಕು. ಡಾ. ಬಿ. ಆರ್. ಅಂಬೇಡ್ಕರ್ ಅವರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಒಂದು ಮಸೂದೆಯನ್ನು ಮಂಡಿಸಿದರು. ವಂಶಪಾರಂಪರ್ಯದ ಗ್ರಾಮಹುದ್ದೆಗಳ ಕುರಿತಾದ 1874ರ ಕಾಯ್ದೆಯನ್ನು ತಿದ್ದಿ, ವತನದ ಸೇವೆಯ ನೊಗದಿಂದ ಮಹಾರರನ್ನು ಬಿಡಿಸುವುದು ಅದರ ಉದ್ದೇಶ. ಊರಿನವರು ಕಾಳಿನ ರೂಪದಲ್ಲಿ ಕೊಡುವ ಬಲೂತವನ್ನು ಹಣಕ್ಕೆ ಪರಿವರ್ತಿಸಬೇಕೆಂಬುದು ಅದರ ಬೇಡಿಕೆಗಳಲ್ಲೊಂದು. ಅಂದಿನ ಮುಂಬಯಿ ಪ್ರಾಂತದಲ್ಲಿ ಬೆಳಗಾವಿ, ವಿಜಾಪುರ, ಧಾರವಾಡ ಜಿಲ್ಲೆಗಳೂ ಇದ್ದವೆಂಬುದನ್ನು ಮರೆಯಲಾಗದು. ಆ ಮಸೂದೆ ಕಾನೂನಾಗಲಿಲ್ಲ.

ಧರ್ಮಸಭೆಯ ವೇದಿಕೆಯಿಂದ ಯಾವುದನ್ನು ಅನ್ಯೋನ್ಯತೆ ಎಂದು ಹೊಗಳಲಾಗುತ್ತದೆಯೋ ಅದನ್ನೇ ಅದರ ತಳದಲ್ಲಿದ್ದವರು ಸಂಕೋಲೆ ಎಂದು ಕಂಡರು. ಹಗಲೆನ್ನದೆ ಇರುಳೆನ್ನದೆ ಅಧಿಕಾರಿಗಳ ಮುಂದೆ ಓಡಬೇಕು, ಊರಿನ ಸತ್ತ ದನವನ್ನು ಹೊರಬೇಕು. ಕೊನೆಗೆ ಕಾಳು ಕೊಡುವುದೋ ಬಿಡುವುದೋ ಒಕ್ಕಲಿಗನ ಮರ್ಜಿ. ಮರ್ಜಿ ತಪ್ಪಿದರೆ ಊರೆಲ್ಲ ಸೇರಿ ಕಾಳು ನಿಲ್ಲಿಸುವುದುಂಟು. ಅಂಥವನಿಗೆ ಎಣಿಸಿ ಪಡೆಯುವ ರೂಪಾಯಿಯಲ್ಲಿ ಮಾನವಿತ್ತು. ಏಕೆಂದರೆ ರೂಪಾಯಿಯು ಜಾತಿಯನ್ನು ಕೇಳುವುದಿಲ್ಲ, ಕೆಲಸ ಬಿಟ್ಟು ಹೋಗುವ ದಾರಿಯನ್ನೂ ತೆರೆಯುತ್ತದೆ. ಮೈಸೂರು ರಾಜ್ಯವು 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದುಪಡಿಸಿದುದೂ, 1976ರಲ್ಲಿ ದೇಶದಾದ್ಯಂತ ಜೀತಪದ್ಧತಿಯನ್ನು ನಿಷೇಧಿಸಿದುದೂ ಈ ಬಿಡುಗಡೆಯ ಹಾದಿಯ ಮೆಟ್ಟಿಲುಗಳೇ.

ಹೀಗೆ, ಕೊಡುಗೆಯ ಊರು ಹೊಟ್ಟೆಗೆ ಕೊಟ್ಟು ಕೊರಳಿಗೆ ಕಟ್ಟಿತು; ಮಾರುಕಟ್ಟೆಯು ಕಟ್ಟು ಬಿಚ್ಚಿ, ಹೊಟ್ಟೆಯ ಹೊಣೆಯನ್ನು ಕೈಬಿಟ್ಟಿತು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿರೆಂದು ಹೇಳುವವರು ಶರಣರನ್ನು ಓದಿಲ್ಲ.

ಮಾರಯ್ಯನವರ ಅಕ್ಕಿ, ಚಂದಯ್ಯನವರ ಹಗ್ಗ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗ ಶೂನ್ಯಸಂಪಾದನೆಯನ್ನು ಕೇಳಿದ ಎಲ್ಲರಿಗೂ ತಿಳಿದಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ. ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಕಳುಹಿದರು.

ಈ ಪ್ರಸಂಗವನ್ನು ಅತಿಯಾಸೆಯ ನಿರಾಕರಣೆ ಎಂದು ವ್ಯಾಖ್ಯಾನಿಸುವುದು ವಾಡಿಕೆ. ಆ ವ್ಯಾಖ್ಯಾನ ತಪ್ಪಲ್ಲ, ಸಾಲದು. ಹೆಚ್ಚಿನ ಅಕ್ಕಿಯು ದುಡಿತದ ಫಲವಲ್ಲ, ಉಳ್ಳವರ ಕೊಡುಗೆ. ಅದನ್ನು ಒಳಗೆ ತಂದರೆ ಅದರ ಹಂಗೂ ಒಳಗೆ ಬರುತ್ತದೆ. ಕೊಡುವವರು ಬಸವಣ್ಣನವರಂತಹ ಮಹಾನುಭಾವರೇ ಆಗಿದ್ದರೂ ಕೊಡುಗೆಯ ಹಂಗು ಹಂಗೇ. ಮಾಸ್ ಎಂಬ ವಿದ್ವಾಂಸನು ಬಹು ಗ್ರಂಥಗಳನ್ನು ಶೋಧಿಸಿ ಕಂಡುಕೊಂಡುದನ್ನು ಅಕ್ಕಿಯ ಚೀಲದ ಭಾರ ನೋಡಿಯೇ ಲಕ್ಕಮ್ಮನವರು ಅರಿತರು.

ನುಲಿಯ ಚಂದಯ್ಯನವರ ಕಥನವೂ ಇದಕ್ಕೆ ಜೊತೆಯಾಗುತ್ತದೆ. ಲಿಂಗವೇ ಹಗ್ಗ ಮಾರಲು ಹೋಗಿ, ಬಸವಣ್ಣನವರಿಂದ ಹಗ್ಗದ ಬೆಲೆಗೆ ಮೀರಿದ ಹೊನ್ನನ್ನು ತಂದಾಗ ಚಂದಯ್ಯನವರು ಅದನ್ನು ಒಪ್ಪಲಿಲ್ಲವೆಂದು ಭಕ್ತರ ನಾಲಗೆಯಲ್ಲಿ ಆ ಕಥೆ ಉಳಿದಿದೆ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಚಂದಯ್ಯನವರು ಮಾರುವುದನ್ನು ಹೀನವೆಂದು ಎಣಿಸಲಿಲ್ಲ; ಸಂತೆಯ ತಕ್ಕ ಬೆಲೆ ಅವರಿಗೆ ಸಮ್ಮತವಾಗಿತ್ತು. ತಕ್ಕ ಬೆಲೆಯನ್ನು ಮೀರಿದುದು ಮಾತ್ರ ಅವರಿಗೆ ಬೇಡವಾಯಿತು. ಏಕೆಂದರೆ ಮೀರಿದ ಬೆಲೆಯು ವೇಷ ಮರೆಸಿಕೊಂಡು ಬಂದ ದಾನ.

ಹುಟ್ಟಿನಿಂದ ಬಂದ ಆಯದ ಹಂಗನ್ನು ಶರಣರು ಕಾಯಕದಿಂದ ಕಡಿದರು. ಅರಸು, ಮಂತ್ರಿ, ಸಿರಿವಂತರ ಕೊಡುಗೆಯ ಹಂಗನ್ನು ತಕ್ಕ ಬೆಲೆಯಿಂದ ಕಡಿದರು. ಅಷ್ಟಕ್ಕೆ ನಿಂತಿದ್ದರೆ ಅವರು ನೇರ ನಡೆಯ ವ್ಯಾಪಾರಿಗಳು ಎನಿಸಿಕೊಳ್ಳುತ್ತಿದ್ದರು. ಅವರು ಅಲ್ಲಿಗೆ ನಿಲ್ಲಲಿಲ್ಲ. ಹೀಗೆ ನಿರ್ಮಲವಾಗಿ ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸಿದರು.

ದಾಸೋಹವೆಂಬ ಪದವನ್ನು ಬಿಡಿಸಿ ನೋಡಿದರೆ ತಾನು ದಾಸನೆಂಬ ಭಾವವೇ ಅದರ ಹುರುಳು. ಊರಿನ ಕೊಡುಗೆಯಲ್ಲಿ ಕೊಟ್ಟವನು ಮೇಲೇರುತ್ತಾನೆ, ಪಡೆದವನು ಕೆಳಗಿಳಿಯುತ್ತಾನೆ. ಮಾರುಕಟ್ಟೆಯಲ್ಲಿ ಇಬ್ಬರೂ ಸಮಾನರಾಗಿ ನಿಂತು, ಲೆಕ್ಕ ತೀರಿದ ಮೇಲೆ ಅಪರಿಚಿತರಾಗಿ ತೆರಳುತ್ತಾರೆ. ದಾಸೋಹದಲ್ಲಿ ಕೊಟ್ಟವನು ಕೆಳಗೆ ನಿಲ್ಲುತ್ತಾನೆ. ತಾನು ಕೊಡುತ್ತಿರುವುದು ಸಮಾಜದಿಂದ, ಶಿವನಿಂದ ತನಗೆ ಮೊದಲೇ ಬಂದುದರ ಋಣವೆಂದು ಅವನು ಬಲ್ಲನು. ಸಾಲ ತೀರಿಸುವವನು ಸಾಲ ಕೊಟ್ಟವನೆದುರು ಬೀಗುವುದುಂಟೇ? ಉಣ್ಣುವವನು ಅಲ್ಲಿ ಯಾರಿಗೂ ಋಣಿಯಲ್ಲ. ಅವನ ಮುಯ್ಯಿಯನ್ನು ಬರೆಯುವ ವಹಿಯೇ ಅಲ್ಲಿಲ್ಲ.

ಕಣಗಿನಹಾಳದ ಉತ್ತರ

ಇದು ಹನ್ನೆರಡನೆಯ ಶತಮಾನಕ್ಕೆ ಸಂದ ಆದರ್ಶ, ಇಂದಿನ ಅರ್ಥವ್ಯವಸ್ಥೆಗೆ ಹೊಂದದು ಎನ್ನುವವರು ಗದಗ ತಾಲ್ಲೂಕಿನ ಕಣಗಿನಹಾಳದ ಕಡೆಗೆ ನೋಡಬೇಕು. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದುದು 1904ರಲ್ಲಿ. ಮರುವರ್ಷ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಆ ಹಳ್ಳಿಯಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಸ್ಥಾಪನೆಯಾಯಿತು. ಆ ಕಾಯ್ದೆಯಡಿ ದೇಶದಲ್ಲಿ ಹುಟ್ಟಿದ ಮೊದಲ ಸಂಘಗಳ ಸಾಲಿನಲ್ಲಿ ಅದಕ್ಕೆ ಅಗ್ರಸ್ಥಾನವಿದೆ. ಹತ್ತಿಯ ಬೆಲೆಗೂ ಸಾವಕಾರನ ಬಡ್ಡಿಗೂ ಸಿಕ್ಕಿಬಿದ್ದಿದ್ದ ನೆಲದಲ್ಲಿಯೇ ಆ ಸಂಘ ಹುಟ್ಟಿತೆಂಬುದು ಗಮನಾರ್ಹ.

ಆ ಸಂಘದವರು ಹಣವನ್ನು ತೊರೆದು ಆಯಕ್ಕೆ ಮರಳಲಿಲ್ಲ. ಹಣವನ್ನೇ ಕೂಡಿಟ್ಟು, ಅದರ ಮೇಲಿನ ಅಧಿಕಾರವನ್ನು ಕೂಡಿ ಹಂಚಿಕೊಂಡರು. ಸಹಕಾರಿ ಸಂಘದಲ್ಲಿ ಸಾಲ ಪಡೆಯುವವನು ಸಂಘದ ಸದಸ್ಯನೇ ಆಗಿರುತ್ತಾನೆ. ಅವನು ಯಾರ ಮನೆಯ ಕಟ್ಟೆಯ ಕೆಳಗೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಸಹಕಾರಿ ಸಂಘವೇ ದಾಸೋಹವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಅಲ್ಲಿ ಬಡ್ಡಿಯಿದೆ, ವಾಯಿದೆಯಿದೆ. ಆದರೆ ಹಂಗಿನ ಊರಿಗೂ ಒಂಟಿತನದ ಮಾರುಕಟ್ಟೆಗೂ ಹೊರತಾದ ಮೂರನೆಯ ದಾರಿಯನ್ನು ಸಾಮಾನ್ಯ ರೈತರೇ ಕಟ್ಟಿಕೊಳ್ಳಬಲ್ಲರೆಂಬುದಕ್ಕೆ ಅದು ಸಾಕ್ಷಿ. ಮುಂದೆ ಎಷ್ಟೋ ಸಂಘಗಳು ಊರಿನ ಪ್ರಬಲರ ವಶವಾಗಿ ಸೊರಗಿದವು. ಗೌಡಿಕೆಯು ಸಂಘದೊಳಗೆ ನುಸುಳಿದರೆ ಹಳೆಯ ಕಣವೇ ಹೊಸ ಹೆಸರಿನಲ್ಲಿ ಮರಳಿತೆಂದು ತಿಳಿಯಬೇಕು.

ಮಠದ ಅಂಗಳದಲ್ಲಿ

ಇಷ್ಟು ಹೇಳಿದ ಮೇಲೆ ಕಟುವಾದ ಒಂದು ಪ್ರಶ್ನೆ ಉಳಿಯುತ್ತದೆ. ಮಾರುಕಟ್ಟೆಯನ್ನು ಬಯ್ಯುವ ಧರ್ಮಸಭೆಗಳ ಅಂಗಳದಲ್ಲಿ ಇಂದು ನಡೆಯುತ್ತಿರುವುದೇನು?

ಜಾತ್ರೆಯ ದಾಸೋಹಕ್ಕೆ ಹತ್ತು ಚೀಲ ಅಕ್ಕಿ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗದಿದ್ದರೆ ಮುನಿಸು ಹುಟ್ಟುತ್ತದೆ. ಕೊಠಡಿ ಕಟ್ಟಿಸಿದವರು ಬಾಗಿಲ ಮೇಲಿನ ಕಲ್ಲಿನಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಹೆಸರು ಕೆತ್ತಿಸುತ್ತಾರೆ. ಹೆಚ್ಚು ಕಾಣಿಕೆ ಕೊಟ್ಟವರಿಗೆ ವೇದಿಕೆಯ ಮೇಲೆ ಆಸನ, ಕಡಿಮೆ ಕೊಟ್ಟವರಿಗೆ ಶಾಲು, ಕೊಡಲಾರದವರಿಗೆ ಬಿಸಿಲಿನ ಸಾಲು. ಸೇವೆಗಳ ಹೆಸರೂ ಅವುಗಳ ಬೆಲೆಯೂ ಫಲಕದ ಮೇಲೆ ಸಾಲಾಗಿ ಬರೆದಿರುವುದನ್ನು ಕಾಣದ ಭಕ್ತರಿಲ್ಲ. ಹೆಸರು ಕೂಗಿಸಿಕೊಳ್ಳುವುದು ಹಳೆಯ ಊರಿನ ಮುಯ್ಯಿ. ಬೆಲೆ ಬರೆದು ಸೇವೆ ಮಾರುವುದು ಅಡತಿಯ ವ್ಯಾಪಾರ. ಒಂದೇ ಅಂಗಳದಲ್ಲಿ ಎರಡೂ ಕೂಡಿದಾಗ ದಾಸೋಹಕ್ಕೆ ಉಳಿಯುವ ಸ್ಥಳವೆಷ್ಟು?

ಕೊಟ್ಟವರ ಲೆಕ್ಕವನ್ನು ಇಡಬಾರದೆಂದು ಇದರ ಅರ್ಥವಲ್ಲ. ಮಠದ ಕೈಗೆ ಬಂದ ಪ್ರತಿಯೊಂದು ಕಾಳಿಗೂ ಕಾಸಿಗೂ ಲೆಕ್ಕವಿರಬೇಕು, ಅದು ಭಕ್ತರ ಮುಂದೆ ತೆರೆದಿರಬೇಕು; ಭಂಡಾರಿ ಬಸವಣ್ಣನವರ ಪರಂಪರೆಗೆ ಲೆಕ್ಕದ ಶುದ್ಧಿ ಪರಕೀಯವಲ್ಲ. ಲೆಕ್ಕ ಬೇರೆ, ಹಂಗು ಬೇರೆ. ಲೆಕ್ಕವು ಪಡೆದ ಮಠವನ್ನು ಕಟ್ಟಬೇಕು. ಉಣ್ಣುವ ಬಡವನನ್ನು ಕಟ್ಟಬಾರದು.

ಈ ದಾರಿ ಅಸಾಧ್ಯವೆನ್ನಲಾಗದು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ದಶಕಗಳ ಕಾಲ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಅಲ್ಲಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ. ಅವರು ಉಂಡ ಅನ್ನಕ್ಕೆ ಪ್ರತಿಯಾಗಿ ಇಂತಿಷ್ಟನ್ನು ಮರಳಿಸಬೇಕೆಂದು ಬರೆದಿಟ್ಟ ವಹಿಯಿಲ್ಲ. ಮರಳಿಸುವ ಮನಸ್ಸಾದವರು ಮತ್ತೊಬ್ಬ ಹಸಿದ ಮಗುವಿಗೆ ಕೊಟ್ಟರೆ ಋಣವು ಸಂದಂತೆಯೇ.

ಆದುದರಿಂದ, ಹಳೆಯ ಹಳ್ಳಿಗೆ ಮರಳೋಣವೆಂದು ಪ್ರವಚನದಲ್ಲಿ ಕೇಳಿದ ಭಕ್ತರು ಆ ಹಳ್ಳಿಯ ಕಣದಲ್ಲಿ ತೋಟಿಯು ನಿಲ್ಲುತ್ತಿದ್ದ ಜಾಗ ಯಾವುದೆಂದು ವಿನಯದಿಂದಲೇ ಕೇಳಬೇಕು. ಮಾರುಕಟ್ಟೆಯೇ ಸಹಜವೆಂದು ಬೋಧಿಸುವವರನ್ನು 1876ರ ಬರದಲ್ಲಿ ಕಾಸಿಲ್ಲದವನು ಯಾವ ಅಂಗಡಿಗೆ ಹೋಗಬೇಕಾಗಿತ್ತೆಂದು ಕೇಳಬೇಕು. ಇವೆರಡನ್ನೂ ಕೇಳಿದ ಭಕ್ತರು ಮನೆಗೆ ಬಂದು ತಮ್ಮನ್ನೂ ಕೇಳಿಕೊಳ್ಳಬೇಕು: ದುಡಿಸಿಕೊಂಡವನಿಗೆ ತಕ್ಕ ಕೂಲಿ ಸಂದಿದೆಯೇ? ಕೂಲಿಯಲ್ಲಿ ಕಡಿದು ಉಳಿಸಿದುದನ್ನು ದಾಸೋಹಕ್ಕೆ ಕೊಟ್ಟರೆ ಅದು ಇನ್ನೊಬ್ಬರ ಅನ್ನವನ್ನು ತಮ್ಮ ಹೆಸರಿನಲ್ಲಿ ಬಡಿಸಿದಂತೆ. ಹೆಚ್ಚಿನ ಅಕ್ಕಿಯನ್ನು ಲಕ್ಕಮ್ಮನವರು ಮರಳಿ ಕಳುಹಿದರು. ಅಂತಹ ಅನ್ನವನ್ನು 'ಇದು ಇಲ್ಲಿಗೆ ಸಲ್ಲದು' ಎಂದು ಮರಳಿ ಕಳುಹುವ ಧೈರ್ಯ ದಾಸೋಹದ ಮನೆಗೂ ಬರಬೇಕು.